ನೆತ್ತಿಯ ಮೇಲಿನ ದಾರಿ

ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮುಂಬೈಗೆ ಒಂದು ಗೆರೆ ಎಳೆಯಿರಿ. ಅದು ಮಧುಗಿರಿಯ ಮಗ್ಗುಲಿನಿಂದ ಹೊರಟು, ಚಳ್ಳಕೆರೆ ತಾಲ್ಲೂಕನ್ನು ಓರೆಯಾಗಿ ದಾಟಿ, ಕೂಡ್ಲಿಗಿ, ಮುಂಡರಗಿ, ಮುಧೋಳ, ಮಿರಜ್, ಸಾತಾರಾಗಳ ಆಚೀಚೆ ಹಾಯ್ದು ಅರಬ್ಬಿ ಸಮುದ್ರದ ದಂಡೆ ಮುಟ್ಟುತ್ತದೆ. ಉದ್ದ ಸುಮಾರು 835 ಕಿ.ಮೀ. ತಳಕು ಹೋಬಳಿಯ ಗೌರಸಮುದ್ರ ಈ ಗೆರೆಗೆ ಎರಡು ಮೂರು ಹರದಾರಿಯೊಳಗೆ ಬರುವ ಊರು. ದೇಶದಲ್ಲೇ ಹೆಚ್ಚು ಓಡಾಟವಿರುವ ವಿಮಾನ ಮಾರ್ಗಗಳಲ್ಲೊಂದು ಹೀಗೆ ಆ ಊರಿನ ಮಾರಮ್ಮನ ಗುಡಿಯ ನೆತ್ತಿಯ ಹತ್ತಿರವೇ ಹೋಗುತ್ತದೆ. ವಿಮಾನಗಳೇನೂ ಅಡಿಪಟ್ಟಿಯ ಗೆರೆಯನ್ನು ಕಣ್ಣಿಗೊತ್ತಿಕೊಂಡು ಹಾರುವುದಿಲ್ಲ. ಗಾಳಿ, ಮೋಡ, ನಿಯಂತ್ರಣ ಕೇಂದ್ರದ ಅಪ್ಪಣೆ ನೋಡಿಕೊಂಡು ಸುತ್ತಿ ಬಳಸುತ್ತವೆ. ಆದರೂ ಲೆಕ್ಕಕ್ಕೆ ಹಿಡಿಯುವುದು ಈ ಗೆರೆಯನ್ನೇ.

ಎರಡು ನಗರಗಳ ನಡುವೆ ವಿಮಾನದ ದೂರವೆಷ್ಟು, ಹಿಡಿಯುವ ಹೊತ್ತೆಷ್ಟು ಎಂದು ಕೇಳಿದರೆ ಮೊಬೈಲು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉತ್ತರ ಕೊಡುತ್ತದೆ. ಹೊರಡುವ ಊರು, ಸೇರುವ ಊರು, ಕಿಲೋಮೀಟರು, ಗಂಟೆ: ಇಷ್ಟರಲ್ಲಿ ಉತ್ತರ ಮುಗಿಯಿತು. ನಡುವಿನ ಊರಿಗೆ ಅದರಲ್ಲಿ ಜಾಗವಿಲ್ಲ. ಈ ದೇಶದಲ್ಲಿ ಟಪಾಲು ಹೊತ್ತ ವಿಮಾನ ವಾರವಾರವೂ ಹಾರತೊಡಗಿ ತೊಂಬತ್ತು ವರ್ಷಗಳ ಮೇಲಾಯಿತು. ಅಷ್ಟು ವರ್ಷದ ಜಮಾಖರ್ಚನ್ನು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಬರೆದವರು ಬೇಕಾದಷ್ಟು ಜನ. ನಡುವಿನ ಊರಿನ ಅಂಗಳದಲ್ಲಿ ನಿಂತು ತಲೆಯೆತ್ತಿ ಬರೆದರೆ ಲೆಕ್ಕ ಬೇರೆಯೇ ಬರುತ್ತದೆ ಎಂಬುದು ನಮ್ಮ ಅನಿಸಿಕೆ.

1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಹೊರಟರು. ಜೊತೆಗಿದ್ದದ್ದು ಸುಮಾರು 25 ಕಿಲೋ ಟಪಾಲು. ಅಹಮದಾಬಾದಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲಿನ ಡಬ್ಬಗಳನ್ನು ಬಗ್ಗಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಮುಂಬೈಯ ಜುಹು ಮೈದಾನ ಸೇರಿದರು. ಮುಂದಿನ ಟಪ್ಪೆ ನೆವಿಲ್ ವಿನ್ಸೆಂಟ್ ಅವರದು. ಮದ್ರಾಸಿನ ಟಪಾಲು ಹೊತ್ತು ಜುಹುವಿನಿಂದ ಹಾರಿದ ಅವರು ಬಳ್ಳಾರಿಯಲ್ಲಿ ಇಳಿದು ರಾತ್ರಿ ಕಳೆದು, ಮರುದಿನ ಮದ್ರಾಸು ಮುಟ್ಟಿದರು. ಏರ್ ಇಂಡಿಯಾದ ಹುಟ್ಟಿನ ಕಥೆಯೆಂದು ಎಲ್ಲರೂ ಹೇಳುವುದು ಇದನ್ನೇ. ಹೇಳುವಾಗ ಕರಾಚಿಗೂ ಮುಂಬೈಗೂ ಸಿಗುವ ಮರ್ಯಾದೆ ಬಳ್ಳಾರಿಗೆ ಸಿಗುವುದು ಕಡಿಮೆ.

ಬಳ್ಳಾರಿಯೇ ಯಾಕೆ ಎಂದರೆ ಮತ್ತೆ ಅಡಿಪಟ್ಟಿಗೆ ಬರಬೇಕು. ಮುಂಬೈಯಿಂದ ಚೆನ್ನೈಗೆ ನೇರ ಅಳೆದರೆ 1,030 ಕಿ.ಮೀ. ಚಿಲ್ಲರೆ. ಮುಂಬೈ–ಬಳ್ಳಾರಿ ಸುಮಾರು 610, ಬಳ್ಳಾರಿ–ಚೆನ್ನೈ ಸುಮಾರು 430. ಕೂಡಿಸಿ ನೋಡಿ: ಬಳ್ಳಾರಿಯಲ್ಲಿ ಇಳಿದು ಹೋದರೂ ಹೆಚ್ಚಾಗುವ ಸುತ್ತು ಹತ್ತು ಕಿಲೋಮೀಟರು, ಅಷ್ಟೆ. ಆ ಎರಡು ಮಹಾನಗರಗಳ ನಡುವಿನ ದಾರಕ್ಕೆ ಪೋಣಿಸಿದಂತೆ ಕೂತಿತ್ತು ಬಳ್ಳಾರಿ. ಜೊತೆಗೆ ದಂಡು ಇದ್ದ ಊರು, ಬಯಲು ಸೀಮೆಯ ಗಟ್ಟಿ ನೆಲ, ವರ್ಷದಲ್ಲಿ ಹೆಚ್ಚು ದಿನ ಮೋಡವಿಲ್ಲದ ಆಕಾಶ. ಗಂಟೆಗೆ ಸುಮಾರು 160 ಕಿ.ಮೀ. ಸಾಗುವ, ರಾತ್ರಿ ಹಾರಾಟಕ್ಕೆ ನೆಲದಿಂದ ಯಾವ ನೆರವೂ ಇಲ್ಲದ ವಿಮಾನಕ್ಕೆ ನಡುವೆ ಒಂದು ಊರು ಬೇಕೇ ಬೇಕಿತ್ತು. ಆ ದಿನಗಳ ವಿಮಾನ ವೇಳಾಪಟ್ಟಿಯಲ್ಲಿ ನಡುವಿನ ಊರಿಗೆ ಹೆಸರಿತ್ತು, ಹೊತ್ತಿತ್ತು, ರಾತ್ರಿ ಊಟವೂ ಇತ್ತು.

ಮುಂದೆ ಆ ದಾರಿ ಹೈದರಾಬಾದಿನ ಕಡೆಗೆ ತಿರುಗಿಕೊಂಡಿತು. ಆಮೇಲೆ ಎಂಜಿನ್ನು ಬಲಿಯಿತು, ತೊಟ್ಟಿ ದೊಡ್ಡದಾಯಿತು, ರೇಡಿಯೋ ಬಂತು, ಜೆಟ್ ಬಂತು. ಒಂದೊಂದು ಹೆಜ್ಜೆಗೂ ಇಳಿಯಬೇಕಾದ ಊರುಗಳ ಪಟ್ಟಿ ಕಿರಿದಾಗುತ್ತ ಹೋಯಿತು. ವಿಮಾನಯಾನದ ಮುನ್ನಡೆಯನ್ನು ವೇಗದ ಕಥೆಯಾಗಿ ಹೇಳುವುದು ವಾಡಿಕೆ. ನಡುವಿನ ಊರಿನಿಂದ ನೋಡಿದವರಿಗೆ ಅದು, ಇಳಿಯುವ ಅಗತ್ಯ ತಪ್ಪುತ್ತ ಬಂದ ಕಥೆ. ರೈಲು ಬಂದಾಗ ದಾರಿಯ ಊರುಗಳಿಗೆ ಸ್ಟೇಷನ್ನು ಬಂತು, ಬಸ್ಸು ಬಂದಾಗ ಕಟ್ಟೆ ಬಂತು, ಹೋಟೆಲು ಬಂತು. ವಿಮಾನ ಬಂದಾಗ ದಾರಿಯ ಊರಿಗೆ ಬಂದದ್ದು ಸದ್ದೊಂದೇ. ಅದೂ ಹತ್ತು ಹನ್ನೊಂದು ಕಿಲೋಮೀಟರು ಮೇಲಿನಿಂದ, ತಡವಾಗಿ.

ದೂರ ಮತ್ತು ಹೊತ್ತಿನ ಲೆಕ್ಕ ಈ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನ ಸುರುವಾಗುವುದೇ ಎರಡು ಪಟ್ಟಣಗಳ ಹೆಸರಿನಿಂದ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿ, ಆಮೇಲೆ ಆಜ್ಞೆ ತಿಳಿಸುತ್ತಾರೆ. ಇಸಿಲವೆಂದರೆ ಇದೇ ಬ್ರಹ್ಮಗಿರಿ–ಸಿದ್ದಾಪುರದ ಹರವು ಎನ್ನುತ್ತಾರೆ ವಿದ್ವಾಂಸರು. ಸುವರ್ಣಗಿರಿಯನ್ನು ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದರೆ ಕೆಲವರು ಮಸ್ಕಿಯ ಕಡೆಗೆ ಕೈ ತೋರುತ್ತಾರೆ. ಕನಕಗಿರಿಯಾದರೆ ನೇರ ದೂರ ನೂರು ಕಿ.ಮೀ. ಆಸುಪಾಸು. ಅದೇ ಶಾಸನದಲ್ಲಿ 256 ಎಂಬ ಅಂಕಿಯೊಂದಿದೆ. ಅರಸ ಅರಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದು ಎಂದು ಬಹುಮಂದಿ ಅರ್ಥ ಮಾಡಿದ್ದಾರೆ. ಪ್ರಯಾಣವನ್ನು ಗಂಟೆಯಲ್ಲಿ ಅಳೆಯುವ ನಮಗೆ, ರಾತ್ರಿಗಳಲ್ಲಿ ಅಳೆದವರ ಬರಹ ನಮ್ಮದೇ ಸೀಮೆಯ ಬಂಡೆಯ ಮೇಲಿದೆ. ಕೊನೆಗೆ ಲಿಪಿಕಾರ ಚಪಡ ತನ್ನ ಕಸುಬನ್ನು ಖರೋಷ್ಠಿಯಲ್ಲಿ ಬರೆದಿಟ್ಟ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಅಲ್ಲಿಂದ ಬ್ರಹ್ಮಗಿರಿಗೆ ಹಕ್ಕಿ ಹಾರಿದರೂ ಎರಡು ಸಾವಿರ ಕಿ.ಮೀ. ದಾಟುತ್ತದೆ. ಆ ದಾರಿಯನ್ನು ಅವನೇ ನಡೆದು ಬಂದನೋ, ಅವನ ವಿದ್ಯೆ ಮಾತ್ರ ಕೈಯಿಂದ ಕೈಗೆ ಬಂತೋ, ಬಂದದ್ದಂತೂ ನೆಲದ ಮೇಲೆ.

ಆಮೇಲಿನದು ಎತ್ತುಗಳ ಕಾಲ. ಚಳ್ಳಕೆರೆಯ ಸುತ್ತಲಿನ ಕಾವಲುಗಳು ಮೈಸೂರು ಅರಸರ ಬೆಣ್ಣೆ ಚಾವಡಿಗೆ ಸೇರಿದ ಹುಲ್ಲುಗಾವಲುಗಳು. ಟಿಪ್ಪುವಿನ ಕಾಲದಲ್ಲಿ ಆ ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಾಯಿತು. ಹೆಸರು ಹಾಲು ಬೆಣ್ಣೆಯದಾದರೂ ಕೆಲಸ ದಂಡಿನದು. ತೋಪು ಎಳೆಯಲು, ಸಾಮಾನು ಸಾಗಿಸಲು ಚುರುಕಾದ, ದಣಿಯದ ಎತ್ತು ಬೇಕಿತ್ತು. ಹೈದರಾಲಿ ಚಿದಂಬರದ ನೆರವಿಗೆಂದು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಬೆರಗಿನಿಂದ ಬರೆದಿವೆ. ನೂರು ಮೈಲಿ ಎಂದರೆ 160 ಕಿ.ಮೀ. ಅದನ್ನೇ ವಿನ್ಸೆಂಟ್ ಅವರ ಪುಸ್ ಮಾತ್ ಒಂದು ಗಂಟೆಯಲ್ಲಿ, ಇಂದಿನ ಜೆಟ್ ಹನ್ನೆರಡು ನಿಮಿಷದಲ್ಲಿ ಮುಗಿಸುತ್ತದೆ. ಆ ಕಾಲಕ್ಕೆ ದಂಡಿನ ವೇಗ ಮೇಯುತ್ತಿದ್ದದ್ದು ನಮ್ಮ ಕಾವಲಿನಲ್ಲಿ. ಈ ಮಾತನ್ನು ನೆನಪಿಟ್ಟುಕೊಂಡರೆ 2007ರ ನಂತರ ಇಲ್ಲಿ ನಡೆದದ್ದು ಅಷ್ಟೇನೂ ವಿಚಿತ್ರವೆನಿಸುವುದಿಲ್ಲ.

ಅದಕ್ಕೆ ಮೊದಲು ಜೆಟ್ ಯುಗದ ಲೆಕ್ಕವೊಂದನ್ನು ಮುಗಿಸೋಣ. ಗಂಟೆಗೆ 800 ಕಿ.ಮೀ. ಹಾರುವ ವಿಮಾನಕ್ಕೆ 835 ಕಿ.ಮೀ. ದಾರಿ ಒಂದು ಗಂಟೆಯ ಮಾತಾಗಬೇಕು. ಟಿಕೇಟಿನ ಮೇಲೆ ಬೆಂಗಳೂರು–ಮುಂಬೈಗೆ ಅಚ್ಚಾಗುವುದು ಒಂದು ಮುಕ್ಕಾಲು ಗಂಟೆ, ಒಮ್ಮೊಮ್ಮೆ ಎರಡಕ್ಕೆ ಹತ್ತಿರ. ಉಳಿದ ಹೊತ್ತು ಹೋಗುವುದು ರನ್‌ವೇವರೆಗೆ ಉರುಳುವುದರಲ್ಲಿ, ಮೇಲೇರುವುದರಲ್ಲಿ, ಇಳಿಯಲು ಸರದಿ ಕಾಯುವುದರಲ್ಲಿ. ಮುಂಬೈಯಲ್ಲಿರುವ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಎರಡನ್ನೂ ಒಟ್ಟಿಗೆ ಬಳಸಲಾಗದು. ಹಾಗಾಗಿ ಹೊತ್ತಿಗೆ ಮೊದಲೇ ಬಂದರೂ ಆಕಾಶದಲ್ಲಿ ಗಿರಕಿ ಹೊಡೆಯುವುದು ತಪ್ಪುವುದಿಲ್ಲ. ತಡವಾಯಿತೆಂಬ ಅಪವಾದ ಬೇಡವೆಂದು ವಿಮಾನ ಕಂಪನಿಗಳು ವೇಳಾಪಟ್ಟಿಯಲ್ಲೇ ಒಂದಿಷ್ಟು ನಿಮಿಷ ಸೇರಿಸಿಟ್ಟುಕೊಳ್ಳುತ್ತವೆ. ದಶಕಗಳಿಂದ ಜೆಟ್ ವಿಮಾನದ ವೇಗ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಟಿಕೇಟಿನ ಹೊತ್ತು ಮಾತ್ರ ಇಳಿದಿಲ್ಲ, ಏರಿದೆ.

ಗಾಳಿಯ ಪಾಲೂ ಇದೆ. ಆಷಾಢದಿಂದ ಭಾದ್ರಪದದವರೆಗೆ ನಮ್ಮ ಕಡೆ ನೆಲದ ಮೇಲೆ ಪಡುವಣ ಗಾಳಿಯದೇ ದರ್ಬಾರು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡದೆ ತಿರುಗುವುದು, ಮಳೆ ತರುವಂತೆ ಬಂದ ಮೋಡ ಚಳ್ಳಕೆರೆಯನ್ನು ದಾಟಿ ಓಡಿಹೋಗುವುದು ಆ ಗಾಳಿಯಿಂದಲೇ. ಆದರೆ ಹನ್ನೆರಡು ಹದಿನೈದು ಕಿ.ಮೀ. ಎತ್ತರದಲ್ಲಿ ಅದೇ ತಿಂಗಳುಗಳಲ್ಲಿ ಗಾಳಿ ಬೀಸುವುದು ಮೂಡಣದಿಂದ ಪಡುವಣಕ್ಕೆ. 1950ರ ದಶಕದಲ್ಲಿ ಪಿ. ಕೋಟೇಶ್ವರಂ ಗುರುತಿಸಿದ ಮೂಡಣ ಜೆಟ್ ಪ್ರವಾಹ ಅದು. ಗೌರಸಮುದ್ರದ ಜಾತ್ರೆ ಬೀಳುವುದು ಗೌರಿ–ಗಣೇಶ ಕಳೆದ ಮೇಲಿನ ಮಂಗಳವಾರ. ಆ ದಿನ ಜಾತ್ರೆಯ ಬಯಲಿನಲ್ಲಿ ಸೇರಿದ ಜನರ ಮುಖಕ್ಕೆ ದೂಳು ತೂರುವ ಗಾಳಿ ಒಂದು ದಿಕ್ಕಿನದು, ಅವರ ತಲೆಯ ಮೇಲೆ ಮುಂಬೈಗೆ ಹೋಗುವ ವಿಮಾನದ ಬೆನ್ನು ತಳ್ಳುವ ಗಾಳಿ ಇನ್ನೊಂದು ದಿಕ್ಕಿನದು. ಚಳಿಗಾಲದಲ್ಲಿ ಮೇಲಿನ ಗಾಳಿ ತಿರುಗಿ, ಮುಂಬೈಯಿಂದ ಬೆಂಗಳೂರಿಗೆ ಬರುವವರಿಗೆ ಕೆಲವು ನಿಮಿಷ ಉಳಿಯುತ್ತದೆ.

ಈಗ ಕಾವಲಿಗೆ. 2007ರ ನಂತರದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಹುಲ್ಲುಗಾವಲು ಹೋದರೆ ಕುರಿ, ದನ ಎಲ್ಲಿಗೆ ಹೋಗಬೇಕು ಎಂದು ಊರಿನವರು ಕೇಳಿದರು; ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಪೀಠದ ಮೆಟ್ಟಿಲನ್ನೂ ಹತ್ತಿತು. ಮ್ಯಾಸಬೇಡರ ದೇವರ ಎತ್ತುಗಳಿಗೆ, ಅವನ್ನು ಕಾಯುವ ಕಿಲಾರಿಗಳಿಗೆ, ಕಂಬಳಿಗೆ ಹೆಸರಾದ ಈ ತಾಲ್ಲೂಕಿನ ಕುರಿ ಹಿಂಡುಗಳಿಗೆ ಕಾವಲು ಬರೀ ಜಮೀನಾಗಿರಲಿಲ್ಲ, ಹೊಟ್ಟೆಯ ಪಾಡಾಗಿತ್ತು. ಆವರಣದ ಗೋಡೆ ಎದ್ದ ಮೇಲೆ ಕಾವಲಿನ ಒಳಗಿಂದ ಹಾದು ಹೋಗುತ್ತಿದ್ದ ಕಾಲುದಾರಿಗಳು ಮುಚ್ಚಿದವು. ಹೀಗೆ, ಹಾರಾಟದ ಸಂಶೋಧನೆಗೆಂದು ಕಟ್ಟಿದ ಗೋಡೆ ಪಕ್ಕದೂರಿಗೆ ನಡೆದು ಹೋಗುವ ಹೊತ್ತನ್ನು ಹೆಚ್ಚಿಸಿತು. ತೊಂಬತ್ತು ವರ್ಷದ ಲೆಕ್ಕದಲ್ಲಿ ಈ ಸೀಮೆಯ ಜನರ ಪ್ರಯಾಣದ ಹೊತ್ತನ್ನು ವಿಮಾನ ನೇರವಾಗಿ ಬದಲಿಸಿದ್ದು ಇದೊಂದೇ ಸಲ ಎಂದರೆ ತಮಾಷೆಯಲ್ಲ.

ಆದರೂ ಅಲ್ಲಿ ಆದ ಕೆಲಸವನ್ನು ಕಡೆಗಣಿಸುವಂತಿಲ್ಲ. ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯವನ್ನು 2017ರ ಮೇ 28ರಂದು ಆಗ ರಕ್ಷಣಾ ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ಅರುಣ್ ಜೇಟ್ಲಿ ಉದ್ಘಾಟಿಸಿದರು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಚಾಲಕನಿಲ್ಲದ ರುಸ್ತುಂ–2 ಇಲ್ಲಿಂದ ಮೊದಲ ಸಲ ಹಾರಿತ್ತು. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿದ್ದ ವಿಜ್ಞಾನಿ ರುಸ್ತುಂ ದಮಾನಿಯಾ ಅವರ ಹೆಸರು ಅದಕ್ಕೆ. ಮುಂದೆ ಅದೇ ವಿಮಾನ ತಪಸ್ ಆಯಿತು. 2023ರ ಜೂನ್ 16ರಂದು ನಡೆದ ಹಾರಾಟ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಬೆಳಿಗ್ಗೆ 7.35ಕ್ಕೆ ಇಲ್ಲಿಂದ ಎದ್ದ ತಪಸ್, 285 ಕಿ.ಮೀ. ದೂರದ ಕಾರವಾರದ ಕಡೆಗೆ 20,000 ಅಡಿ ಎತ್ತರದಲ್ಲಿ ಹೋಗಿ, ಸಮುದ್ರದಲ್ಲಿದ್ದ ಐಎನ್ಎಸ್ ಸುಭದ್ರಾ ಹಡಗಿನ ಕೈಗೆ ತನ್ನ ಲಗಾಮು ಕೊಟ್ಟು, ನಲವತ್ತು ನಿಮಿಷ ಹಡಗಿನವರು ಹೇಳಿದಂತೆ ಕೇಳಿ, ಒಟ್ಟು ಮೂರೂವರೆ ಗಂಟೆ ಹಾರಾಡಿ ಹೊರಟಲ್ಲಿಗೇ ಬಂದಿಳಿಯಿತು. ಚಳ್ಳಕೆರೆಯಿಂದ ಕರಾವಳಿಗೆ ಹೀಗೊಂದು ವಿಮಾನದ ದಾರಿ ಬಿತ್ತು. ಅದರಲ್ಲಿ ಕೂರಲು ಸೀಟು ಮಾತ್ರ ಇರಲಿಲ್ಲ.

ಎಲ್ಲ ಹಾರಾಟವೂ ಹೀಗೆ ಸುಸೂತ್ರವಾಗಿ ಮುಗಿಯಲಿಲ್ಲ. 2019ರ ಸೆಪ್ಟೆಂಬರ್ 17ರಂದು ರುಸ್ತುಂ–2 ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಪುಣ್ಯಕ್ಕೆ ಎರಡು ಸಲವೂ ಜನರಿಗೆ ಏನೂ ಆಗಲಿಲ್ಲ. ನಮ್ಮ ಹಳ್ಳಿಗಳವರು ವಿಮಾನವನ್ನು ಕೈಗೆಟುಕುವ ದೂರದಲ್ಲಿ ಕಂಡದ್ದು ಹೆಚ್ಚಾಗಿ ಅದು ಬಿದ್ದಾಗಲೇ.

ಇಸ್ರೋದ ಪುಷ್ಪಕ್ ಕಥೆ ಇನ್ನೂ ಸ್ವಾರಸ್ಯದ್ದು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ರನ್‌ವೇ ಮೇಲೆ ಇಳಿಯಬಲ್ಲ ರೆಕ್ಕೆಯ ವಾಹನ ಮಾಡುವುದು ಗುರಿ. ಇಳಿಯುವ ಪಾಠವನ್ನು ಅದು ಕಲಿತದ್ದು ಇಲ್ಲಿ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ತೂಗು ಹಾಕಿಕೊಂಡು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು, 7.40ಕ್ಕೆ ಅದು ತಾನಾಗಿಯೇ ದಾರಿ ನೋಡಿಕೊಂಡು ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೆರಡು ಸಲ. ಆಗ ಬೇಕೆಂದೇ ರನ್‌ವೇ ನೇರಕ್ಕೆ ಬಿಡದೆ, ಮೊದಲು 150 ಮೀಟರು, ಆಮೇಲೆ 500 ಮೀಟರು ಪಕ್ಕಕ್ಕೆ ಸರಿಸಿ ಬಿಟ್ಟರು. ದಾರಿ ತಪ್ಪಿದರೆ ತಿದ್ದಿಕೊಳ್ಳುತ್ತದೆಯೇ ನೋಡಲು. ಮೂರನೆಯ ಸಲ ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಸುಮಾರಿನಲ್ಲಿ. ಇಡೀ ದೇಶ ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟಿದ ಆ ಹಾರಾಟ ಸುರುವಾದದ್ದು ರನ್‌ವೇಗೆ ನಾಲ್ಕೂವರೆ ಕಿಲೋಮೀಟರು ದೂರದಿಂದ. ಮಾರಮ್ಮನ ಹರಕೆ ಹೊತ್ತವರು ಅದಕ್ಕಿಂತ ಹೆಚ್ಚು ದೂರ ನಡೆದು ಬರುತ್ತಾರೆ.

ಪರೀಕ್ಷೆಯ ದಿನಗಳಲ್ಲಿ ಆ ಆಕಾಶಕ್ಕೆ ಬೇರೆ ವಿಮಾನಗಳು ಬರದಂತೆ ಮೊದಲೇ ಸೂಚನೆ ಹೊರಡಿಸುತ್ತಾರೆ. ಮೊದಲು ನಮ್ಮ ನೆಲ ವಿಮಾನಕ್ಕೆ ಬೇಡವಾಯಿತು, ಈಗ ನಮ್ಮ ಆಕಾಶವನ್ನೂ ಒಮ್ಮೊಮ್ಮೆ ಬಳಸಿ ಹೋಗಬೇಕಾಗಿದೆ.

ಜನ ಹತ್ತುವ ವಿಮಾನದ ಮಾತಿಗೆ ಬಂದರೆ, 2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರತೊಡಗಿದಾಗ ಒಂದು ಆಸೆ ಚಿಗುರಿತ್ತು. 2017ರಲ್ಲಿ ಉಡಾನ್ ಯೋಜನೆಯ ವಿಮಾನಗಳು ಹಾರತೊಡಗಿದವು. ಹವಾಯಿ ಚಪ್ಪಲಿ ತೊಟ್ಟವರೂ ವಿಮಾನ ಹತ್ತುವಂತಾಗಬೇಕು ಎಂಬ ಮಾತು ಪ್ರಧಾನಿಯಿಂದಲೇ ಬಂತು, ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿಯೂ ಬಂತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಿದ್ಯಾನಗರ ನಿಲ್ದಾಣದಿಂದ ಟ್ರೂಜೆಟ್ ಹೈದರಾಬಾದಿಗೂ ಬೆಂಗಳೂರಿಗೂ ಹಾರಿತು. ಕೆಲ ವರ್ಷಗಳಲ್ಲಿ ಆ ಕಂಪನಿಯೇ ನಿಂತುಹೋಯಿತು, ಬೇರೆಯವರು ಬಂದರು. ಬಳ್ಳಾರಿಗೆಂದೇ ಚಾಗನೂರು–ಸಿರವಾರದಲ್ಲಿ ಹೊಸ ನಿಲ್ದಾಣ ಮಾಡುವ ಮಾತು, ರೈತರ ವಿರೋಧದ ನಡುವೆ ಭೂಸ್ವಾಧೀನ, ಗುತ್ತಿಗೆ ಎಲ್ಲ ಆಗಿ ದಶಕ ಕಳೆದರೂ ವಿಮಾನ ಇಳಿಯಲಿಲ್ಲ. 1932ರಲ್ಲಿ ಮದ್ರಾಸಿನ ಟಪಾಲು ತಂಗಿದ ಊರಿನ ಪಾಡು ಇದು. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಸುರುವಾಯಿತು. ಸಂತೋಷ. ಆದರೆ ಚಳ್ಳಕೆರೆಯವರು ಸೋಗಾನೆಗೆ ಹೋಗುವಷ್ಟರಲ್ಲಿ ಬೆಂಗಳೂರಿನ ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿರುತ್ತದೆ.

ಹಾಗೆಂದು ನಮ್ಮ ಚಿತ್ರದುರ್ಗ ಜಿಲ್ಲೆಗೂ ವಿಮಾನ ನಿಲ್ದಾಣ ಬೇಕು ಎಂಬ ಬೇಡಿಕೆ ಚುನಾವಣೆಗೊಮ್ಮೆ ಎದ್ದಾಗ ನಾವು ಅದರ ಪರ ಬರೆಯಲಿಲ್ಲ, ಮುಂದೆಯೂ ಬರೆಯುವುದಿಲ್ಲ. ಯಾಕೆಂದು ತಿಳಿಯಲು ಒಂದು ದಿನದ ಪ್ರಯಾಣವನ್ನು ಲೆಕ್ಕ ಹಾಕೋಣ. ಗೌರಸಮುದ್ರದ ಒಬ್ಬ ಹುಡುಗ ಮುಂಬೈಯಲ್ಲಿ ಕೆಲಸಕ್ಕೆ ಸೇರಬೇಕು ಎಂದಿಟ್ಟುಕೊಳ್ಳಿ. ಬೆಳಗಿನ ಜಾವ ಐದಕ್ಕೆ ಮನೆ ಬಿಟ್ಟ. ಸಿಕ್ಕ ಗಾಡಿ ಹಿಡಿದು ಚಳ್ಳಕೆರೆ ಸೇರುವಾಗ ಆರು. ಅಲ್ಲಿಂದ ಹಿರಿಯೂರು, ಶಿರಾ, ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಮುಟ್ಟುವಾಗ ಹತ್ತು. 2008ರ ಮೇ ತಿಂಗಳಿಗೆ ಮೊದಲಾಗಿದ್ದರೆ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆಂದು ಬೆಂಗಳೂರನ್ನು ಪೂರಾ ದಾಟಬೇಕಿತ್ತು. ಆ ಒಂದು ಕಷ್ಟ ತಪ್ಪಿದೆ. ತಪಾಸಣೆ, ಸರದಿ, ಕಾಯುವುದು ಎಂದು ಎರಡು ಗಂಟೆ. ಹನ್ನೆರಡಕ್ಕೆ ವಿಮಾನ ಎದ್ದಿತು. ಹನ್ನೆರಡೂ ಇಪ್ಪತ್ತರ ಸುಮಾರಿಗೆ, ಬೆಳಗ್ಗೆ ಬಿಟ್ಟು ಬಂದ ಮನೆಯ ಆಸುಪಾಸಿನ ಆಕಾಶಕ್ಕೆ ಹುಡುಗ ಮರಳಿ ಬಂದ. ಏಳು ಗಂಟೆ ಇಪ್ಪತ್ತು ನಿಮಿಷದ ದುಡಿಮೆಯ ಫಲ: ಹೊರಟ ಊರಿನಿಂದ ಹತ್ತು ಕಿಲೋಮೀಟರು ದೂರ. ಅದೂ ಮೇಲಕ್ಕೆ.

ಒಂದು ಮುಕ್ಕಾಲಕ್ಕೆ ಮುಂಬೈ, ಹೊರಗೆ ಬಿದ್ದಾಗ ಎರಡೂವರೆ. ಒಟ್ಟು ಒಂಬತ್ತೂವರೆ ಗಂಟೆಯಲ್ಲಿ ಹಾರಿದ್ದು ಒಂದು ಮುಕ್ಕಾಲು ಗಂಟೆ. ಗೌರಸಮುದ್ರದಿಂದ ಮುಂಬೈ ನೇರ 650 ಕಿ.ಮೀ. ಚಿಲ್ಲರೆ, ಹುಡುಗ ಸುತ್ತಿದ್ದು ಸಾವಿರ ಮೀರಿತು. ಚಿತ್ರದುರ್ಗದಿಂದ ರಾತ್ರಿ ಬಸ್ಸು ಹಿಡಿದಿದ್ದರೆ ಹೆದ್ದಾರಿಯಲ್ಲಿ ಸುಮಾರು 780 ಕಿ.ಮೀ., ನಿದ್ದೆ ಮಾಡಿಕೊಂಡು ಹದಿನಾಲ್ಕು ಹದಿನೈದು ಗಂಟೆಯಲ್ಲಿ ಸೇರುತ್ತಿದ್ದ. ಆಕಾಶದ ವೇಗ ನೆಲದ ವೇಗದ ಹತ್ತು ಪಟ್ಟಿಗೂ ಹೆಚ್ಚು. ಮನೆಬಾಗಿಲಿನಿಂದ ಲೆಕ್ಕ ಹಾಕಿದರೆ ಉಳಿತಾಯ ಮೂರನೇ ಒಂದು ಪಾಲು. ಈ ವಿಮಾನ ನಮ್ಮ ಊರಲ್ಲೇ ಇಳಿದರೆ ಎಲ್ಲ ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ದಿನಕ್ಕೊಂದು ವಿಮಾನ ತುಂಬುವಷ್ಟು ಜನ ಚಳ್ಳಕೆರೆಯಿಂದ ಮುಂಬೈಗೆ ಹೋಗುವುದಿಲ್ಲ. ತುಂಬದ ವಿಮಾನ ಎಷ್ಟು ದಿನ ಹಾರುತ್ತದೆಂಬುದನ್ನು ಉಡಾನ್ ದಾರಿಗಳು ತೋರಿಸಿಕೊಟ್ಟಿವೆ. ಎಣ್ಣೆ ಗಿರಣಿಗಳ ಭರದಲ್ಲಿ ಚಳ್ಳಕೆರೆಯನ್ನು ಎರಡನೇ ಬಾಂಬೆ ಎಂದು ಕರೆದ ಕಾಲವೊಂದಿತ್ತು. ಆಗಲೂ ಶೇಂಗಾ ಎಣ್ಣೆಯ ಡಬ್ಬಗಳು ಹೊರಗೆ ಹೋದದ್ದು ಲಾರಿ ರೈಲುಗಳಲ್ಲೇ.

ಗಮನಿಸಬೇಕಾದ ಮಾತು ಬೇರೊಂದಿದೆ. ಬೆಂಗಳೂರು–ಮುಂಬೈ ವಿಮಾನದ ನೇರ ದೂರವನ್ನು ಇನ್ನು ಯಾರೂ ಒಂದು ಕಿಲೋಮೀಟರೂ ಕಡಿಮೆ ಮಾಡಲಾರರು. 835 ಎಂಬುದು ಭೂಮಿಯೇ ಬರೆದ ಅಂಕಿ. ನೆಲದ ದೂರ ಹಾಗಲ್ಲ. ಅಲ್ಲಿ ಇನ್ನೂ ಕಡಿಯಬಹುದಾದ ಸುತ್ತುಗಳಿವೆ. ಹಿರಿಯೂರಿನಿಂದ ಚಳ್ಳಕೆರೆ, ತಳಕಿನ ಮೇಲೆ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿ ಅಗಲವಾಗುತ್ತ ಬಂದದ್ದರಿಂದ ನಮ್ಮ ತಾಲ್ಲೂಕಿನ ಜನರಿಗೆ ಉಳಿದ ಹೊತ್ತು, ಈ ತೊಂಬತ್ತು ವರ್ಷಗಳ ವಿಮಾನಯಾನ ಉಳಿಸಿಕೊಟ್ಟ ಹೊತ್ತಿಗಿಂತ ಹೆಚ್ಚು. ಅದಕ್ಕೆ ರಿಬ್ಬನ್ನು ಕತ್ತರಿಸಿದ ಸಮಾರಂಭಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ರೈಲಿನದು ಹಳೆಯ ಅಳಲು. ಬಳ್ಳಾರಿಯಿಂದ ರಾಯದುರ್ಗ, ಮೊಳಕಾಲ್ಮೂರು, ತಳಕು, ಚಳ್ಳಕೆರೆ, ಚಿತ್ರದುರ್ಗದ ಮೇಲೆ ಚಿಕ್ಕಜಾಜೂರಿಗೆ ಹಳಿ ಇದೆ. ಆದರೆ ಅದು ನಮ್ಮನ್ನು ಬೆಂಗಳೂರಿಗೆ ಒಯ್ಯುವುದು ಚಿಕ್ಕಜಾಜೂರು, ಬೀರೂರು, ಅರಸೀಕೆರೆಗಳನ್ನೆಲ್ಲ ಸುತ್ತಿಸಿ. ಬಸ್ಸು ನಾಲ್ಕು ನಾಲ್ಕೂವರೆ ಗಂಟೆಯಲ್ಲಿ ಮುಗಿಸುವ ದಾರಿಗೆ ರೈಲು ಹತ್ತುವವರು ಕಡಿಮೆ; ಹತ್ತುವವರು ಕಡಿಮೆ ಎಂದು ರೈಲೂ ಕಡಿಮೆ. ಈ ಸುತ್ತನ್ನು ಮುರಿಯಲೆಂದೇ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗ 2011–12ರಲ್ಲಿ ಮಂಜೂರಾಯಿತು. ಉದ್ದ ಸುಮಾರು 190 ಕಿ.ಮೀ.; ಮುಗಿದರೆ ಬೆಂಗಳೂರು–ದಾವಣಗೆರೆ ರೈಲು ದಾರಿಯಲ್ಲಿ 65 ಕಿ.ಮೀ. ಇಳಿಯುತ್ತದೆ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಧುಗಿರಿಯ ಮೇಲೆ ತುಮಕೂರಿಗೆ ಬರಬೇಕಾದ 207 ಕಿ.ಮೀ. ಹಳಿಗೆ ಒಪ್ಪಿಗೆ ಸಿಕ್ಕದ್ದು ಅದಕ್ಕೂ ಮೊದಲು, 2007–08ರಲ್ಲಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯವರಿಗೆ, ಗೌರಸಮುದ್ರದ ಜಾತ್ರೆಗೆ ಗಡಿಯಾಚೆಯಿಂದ ಬರುವ ಆಂಧ್ರದ ಭಕ್ತರಿಗೆ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕೂಲಿಗೆ ಹೋಗುವ ನಮ್ಮವರಿಗೆ ಬೇಕಾದ ದಾರಿಗಳು ಇವು. ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗದವರೆಗೆ ಗಾಡಿ ಓಡಾಡತೊಡಗಿ ವರ್ಷಗಳಾದವು. ಅಲ್ಲಿಂದ ಮುಂದಿನ ಕೆಲಸ ಎರಡು ರಾಜ್ಯಗಳ ಭೂಸ್ವಾಧೀನದ ಕಡತಗಳ ನಡುವೆ ತೆವಳಿಕೊಂಡು ಬಂದಿದೆ.

ಪುಷ್ಪಕ್ ಮೂರು ಸಲ ಇಳಿದದ್ದಕ್ಕೆ ಹದಿನೈದು ತಿಂಗಳು ಸಾಕಾದವು. ಒಂದೊಂದು ಇಳಿತಕ್ಕೂ ದಿನಾಂಕವಿತ್ತು, ಗಂಟೆ ನಿಮಿಷವಿತ್ತು, ತಪ್ಪಿದರೆ ಕೇಳುವವರಿದ್ದರು. ತುಮಕೂರು–ದಾವಣಗೆರೆ, ರಾಯದುರ್ಗ–ತುಮಕೂರು ಎರಡಕ್ಕೂ ಅಂಥದೇ ಒಂದು ದಿನಾಂಕವನ್ನು, ಯಾವ ಸ್ಟೇಷನ್ನಿಗೆ ಯಾವ ತಿಂಗಳು ಹಳಿ ಮುಟ್ಟುತ್ತದೆ ಎಂಬ ಪಟ್ಟಿಯನ್ನು, ರೈಲ್ವೆ ಮತ್ತು ರಾಜ್ಯ ಸರ್ಕಾರ ಒಟ್ಟಿಗೆ ಅಚ್ಚು ಹಾಕಿಸಿ ತಳಕು, ಚಳ್ಳಕೆರೆ, ಹಿರಿಯೂರು, ಪಾವಗಡದ ಸರ್ಕಾರಿ ಕಚೇರಿ, ಬಸ್ ನಿಲ್ದಾಣಗಳ ಗೋಡೆಗೆ ಅಂಟಿಸಬೇಕು. ನಮ್ಮ ಶಾಸಕರು, ಸಂಸದರು ಮುಂದಿನ ಸಲ ವಿಮಾನ ನಿಲ್ದಾಣದ ಭರವಸೆ ಹೊತ್ತು ಬಂದಾಗ, ಮೊದಲು ಆ ಪಟ್ಟಿ ಎಲ್ಲಿ ಎಂದು ಕೇಳಬೇಕು.